ಹಡಪದೊಳಗಿನ ಚರಿತ್ರೆ



ಇವತ್ತಿನ ಮಾತುಕತೆಯಲ್ಲಿ ನಾವು ಒಂದು ಸಣ್ಣ ಚೀಲವನ್ನು ಬಿಚ್ಚಿ ನೋಡೋಣ. ಅದರೊಳಗೆ ಮಡಚುವ ಕತ್ತಿ ಒಂದು, ಕತ್ತರಿ ಒಂದು, ಬಾಚಣಿಗೆ ಎರಡು, ಅಂಗೈಯಗಲದ ಕನ್ನಡಿ, ಸಾಣೆಕಲ್ಲು, ಕತ್ತಿಯ ಬಾಯಿ ಸವರುವ ಚರ್ಮದ ಪಟ್ಟಿ, ನೀರಿನ ಬಟ್ಟಲು, ಗಾಯಕ್ಕೆ ತಿಕ್ಕುವ ಪಟಿಕದ ತುಂಡು. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮನೆಯ ಹಿತ್ತಲಿಗೆ ಬರುತ್ತಿದ್ದರು. ಹೊಂಗೆಯ ಮರದ ನೆರಳಲ್ಲಿ ಅವರು ಕುಕ್ಕರಗಾಲಲ್ಲಿ ಕೂತರೆ, ಮನೆಯ ಗಂಡಸರೆಲ್ಲ ವಯಸ್ಸಿನ ಕ್ರಮದಲ್ಲಿ ಒಬ್ಬೊಬ್ಬರಾಗಿ ಅವರ ಮುಂದೆ ತಲೆ ಬಗ್ಗಿಸುತ್ತಿದ್ದರು. ಊರಿನಲ್ಲಿ ಯಾರಿಗೂ ಬಗ್ಗದ ಗೌಡರ ತಲೆಯೂ ಆ ಕತ್ತಿಗೆ ಬಗ್ಗುತ್ತಿತ್ತು.

ಈ ಚೀಲಕ್ಕೆ ಕನ್ನಡದಲ್ಲಿ ಹಡಪ ಎಂದು ಹೆಸರು. ಎಲೆಯಡಿಕೆಯ ಚೀಲಕ್ಕೂ ಅದೇ ಹೆಸರು. ತೆಲುಗಿನಲ್ಲಿ ಇದೇ ಮಾತು ಅಡಪಮು, ತಮಿಳಿನಲ್ಲಿ ಅಡಪ್ಪಂ. ಮರಾಠಿಯವರು ಮಾತ್ರ ಬೇರೆ ಹೆಸರಿಟ್ಟು ಧೋಕಟಿ ಎನ್ನುತ್ತಾರೆ. ರಾಜ್ಯಗಳ ಗಡಿಗೆರೆಗಳು ಬೀಳುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಈ ಚೀಲ ಒಂದು ಭಾಷೆಯಿಂದ ಇನ್ನೊಂದಕ್ಕೆ ನಡೆದುಹೋಗಿತ್ತು ಎಂಬುದಕ್ಕೆ ಈ ಮಾತೇ ಸಾಕ್ಷಿ.

ಚೀಲ ಹಿಡಿದವರ ಹೆಸರುಗಳನ್ನು ನೋಡಿದರೆ ಇನ್ನೂ ಒಂದು ಸಂಗತಿ ತಿಳಿಯುತ್ತದೆ. ಕನ್ನಡದಲ್ಲಿ ಹಡಪದ, ನಾವಲಿಗ, ನಾಯಿಂದ, ಕ್ಷೌರಿಕ, ಕೆಲಸಿ ಎಂದು ಸೀಮೆಗೊಂದು ಹೆಸರು. ಕಾಸರಗೋಡಿನ ತುಳು ಮಾತಿನ ಊರುಗಳಲ್ಲಿ ಭಂಡಾರಿ. ಮರಾಠಿಯಲ್ಲಿ ನ್ಹಾವಿ, ತೆಲುಗಿನಲ್ಲಿ ಮಂಗಲಿ. ಈಗ ಕರ್ನಾಟಕದಲ್ಲಿ ಸವಿತಾ ಸಮಾಜ ಎಂಬ ಹೆಸರು ಬಳಕೆಯಲ್ಲಿದೆ. ತಮಿಳುನಾಡಿನಲ್ಲಿ ಈ ಸಮಾಜದವರಿಗೆ ಮರುತ್ತುವರ್ ಎಂಬ ಹೆಸರಿದೆ. ಹಾಗೆಂದರೆ ಮದ್ದು ಕೊಡುವವರು, ವೈದ್ಯರು. ಈ ಸಮಾಜದ ಹೆಂಗಸರು ಎಷ್ಟೋ ಊರುಗಳಲ್ಲಿ ಸೂಲಗಿತ್ತಿಯರಾಗಿದ್ದರು. ಗಂಡಸರು ಕುರು ಕೊಯ್ಯುತ್ತಿದ್ದರು, ಕಾಲಿಗೆ ಹೊಕ್ಕ ಮುಳ್ಳು ತೆಗೆಯುತ್ತಿದ್ದರು, ಕೆಟ್ಟ ರಕ್ತ ತೆಗೆಯುತ್ತೇವೆಂದು ಕೊಂಬು ಹಾಕುತ್ತಿದ್ದರು.

ಇನ್ನು ಹಜಾಮ ಎಂಬ ಮಾತು. ನಮ್ಮ ಊರುಗಳಲ್ಲಿ ಇದನ್ನು ಬೈಗುಳವಾಗಿ ಬಳಸುವವರಿಗೆ ಇದರ ಹುಟ್ಟು ಗೊತ್ತಿರಲಾರದು. ಇದು ಅರಬ್ಬಿ ಭಾಷೆಯ ಹಜ್ಜಾಮ್ ಎಂಬ ಪದ. ಕೊಂಬು ಹಾಕಿ ರಕ್ತ ತೆಗೆದು ಚಿಕಿತ್ಸೆ ಮಾಡುವವನು ಎಂದು ಅದರ ಅರ್ಥ. ಒಬ್ಬ ವೈದ್ಯನ ಹೆಸರು ನಮ್ಮ ಬಾಯಲ್ಲಿ ಬೈಗುಳವಾದದ್ದು ಹೇಗೆ? ಎಲ್ಲರ ತಲೆಯನ್ನೂ ಅಂದಗೊಳಿಸಿದ ಕೈಗೆ ಊರು ಕೊಟ್ಟ ಮರ್ಯಾದೆ ಎಷ್ಟು? ಇವತ್ತಿನ ಮಾತು ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಕಲ್ಯಾಣಕ್ಕೆ ಹೋಗೋಣ. ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ನಮ್ಮ ತೆಲಂಗಾಣ ಮತ್ತು ಮಹಾರಾಷ್ಟ್ರದ ಕೇಳುಗರಿಗೆ ಹತ್ತಿರದ ಊರೇ. 12ನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸ ಎಂಬ ದೊಡ್ಡ ಸಂಸ್ಕೃತ ಗ್ರಂಥವನ್ನು ಬರೆಸಿದ. ಅರಸನ ಸುಖಭೋಗಗಳಲ್ಲಿ ಸ್ನಾನಕ್ಕೂ ಲೇಪನಕ್ಕೂ ಹೂಮಾಲೆಗೂ ಅದರಲ್ಲಿ ಬೇರೆಬೇರೆ ಭಾಗಗಳೇ ಇವೆ. ತಲೆಗೂದಲಿನ ಆರೈಕೆ ಅರಮನೆಯಲ್ಲಿ ಒಂದು ಶಾಸ್ತ್ರವೇ ಆಗಿತ್ತು. ಆದರೆ ಆ ಶಾಸ್ತ್ರವನ್ನು ಕೈಯಲ್ಲಿ ಮಾಡಿ ತೋರಿಸಿದವರ ಹೆಸರು ಅಂಥ ಗ್ರಂಥಗಳಲ್ಲಿ ಸಿಗುವುದಿಲ್ಲ.

ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ನಂತರ, ಒಂದು ಹೆಸರು ಸಿಗುತ್ತದೆ. ಅದು ಹಡಪದ ಅಪ್ಪಣ್ಣನದು. ಬಸವಣ್ಣನವರಿಗೆ ಎಲೆಯಡಿಕೆಯ ಹಡಪ ಹಿಡಿಯುವ ಕಾಯಕದವನು, ಅವರ ಹತ್ತಿರದ ಒಡನಾಡಿ. ಕ್ಷೌರಿಕ ಸಮಾಜ ಅವನನ್ನು ತನ್ನ ಹಿರಿಯನೆಂದು ಪೂಜಿಸುತ್ತ ಬಂದಿದೆ. ಅಪ್ಪಣ್ಣ ಕಾಯಕ ಮಾಡುತ್ತಲೇ ವಚನ ಬರೆದ. ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂಬುದು ಅವನ ಅಂಕಿತ. ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಅವಳ ಅಂಕಿತದಲ್ಲಿ ಗಂಡನ ಹೆಸರೂ ಸೇರಿಕೊಂಡಿದೆ. ಚೀಲ ಹಿಡಿದ ಮನೆಯ ಗಂಡಹೆಂಡಿರಿಬ್ಬರೂ ಅನುಭಾವದ ಮಾತನ್ನು ಆಡಿದ್ದು, ಆ ಮಾತು ಎಂಟು ನೂರು ವರ್ಷಕ್ಕೂ ಮೀರಿ ಉಳಿದು ಬಂದದ್ದು ಸಣ್ಣ ಸಂಗತಿಯಲ್ಲ.

ಸೊಲ್ಲಾಪುರ ಜಿಲ್ಲೆಯ ಪಂಢರಪುರಕ್ಕೆ ಆಷಾಢದಲ್ಲಿ ನಡೆದುಹೋಗುವ ನಮ್ಮವರಿಗೆ ಸಂತ ಸೇನಾ ನ್ಹಾವಿಯ ಕಥೆ ಗೊತ್ತೇ ಇರುತ್ತದೆ. ಅವರು ಭಜನೆಯಲ್ಲಿ ಮೈಮರೆತು ಕೂತಾಗ, ಅರಸನ ಕ್ಷೌರಕ್ಕೆ ಹೊತ್ತಾಯಿತೆಂದು ದೇವರೇ ಅವರ ರೂಪ ತಾಳಿ ಹೋಗಿ ಆ ಕೆಲಸ ಮಾಡಿಬಂದನಂತೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಜನ ಕಟ್ಟಿದ ಈ ಕಥೆಯಲ್ಲಿ ದೇವರ ಕೈಗೇ ಕ್ಷೌರದ ಕತ್ತಿ ಬಂದಿದೆ. ಸೇನಾ ಅವರ ಪದಗಳು ಮರಾಠಿ ವಾರಕರಿಗಳಲ್ಲಿ ಉಳಿದಿವೆ. ಅವರ ಹೆಸರಿನ ಒಂದು ಪದ ಸಿಖ್ಖರ ಗುರು ಗ್ರಂಥ ಸಾಹಿಬ್‌ನಲ್ಲಿಯೂ ಸೇರಿದೆ.

ಈಗ ಆದವಾನಿ, ರಾಯದುರ್ಗ, ಮಡಕಶಿರಾ ಕಡೆಗೆ ಬರೋಣ. ಇದೆಲ್ಲ ವಿಜಯನಗರದ ಒಡಲಿನ ನಾಡು. ಅಲ್ಲಿನ ಅರಸರು ಎಣ್ಣೆಗೆ ಕೊಟ್ಟ ಬೆಲೆಯನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. 1520ರ ಸುಮಾರಿಗೆ ಹಂಪೆಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ದಿನವೂ ಬೆಳಗಾಗುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದೇ ಎಣ್ಣೆ ಹಚ್ಚಿಸಿಕೊಂಡು, ಬೆವರುವ ತನಕ ಕಸರತ್ತು ಮಾಡುತ್ತಿದ್ದನೆಂದು ಬರೆದಿದ್ದಾನೆ. ಮಡಕಶಿರಾದ ನೆರೆಯ ಲೇಪಾಕ್ಷಿಗೆ ಹೋದವರು ವೀರಭದ್ರ ದೇವಾಲಯದ ಛಾವಣಿಯ ಚಿತ್ರಗಳನ್ನು ಒಮ್ಮೆ ಕತ್ತೆತ್ತಿ ನೋಡಬೇಕು. 16ನೇ ಶತಮಾನದ ಆ ಚಿತ್ರಗಳಲ್ಲಿ ಹೆಂಗಸರು ಕಟ್ಟಿದ ತುರುಬುಗಳು, ಮುಡಿದ ಹೂಗಳು, ಗಂಡಸರ ಎತ್ತರದ ಟೊಪ್ಪಿಗೆಗಳು ಎಲ್ಲ ಕಾಣುತ್ತವೆ. ಆ ಕಾಲದ ತಲೆಯ ಅಲಂಕಾರವನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ.

ಇದೇ ನಾಡಿನಲ್ಲಿ, ಇದೇ ಶತಮಾನದ ನಡುವಿನಲ್ಲಿ, ಒಬ್ಬ ಕ್ಷೌರಿಕನ ಹೆಸರು ಕಲ್ಲಿನ ಮೇಲೆ ಬಂತು. ಆಗ ಸಿಂಹಾಸನದಲ್ಲಿದ್ದವನು ಸದಾಶಿವರಾಯ. ಆಳ್ವಿಕೆ ನಡೆಸುತ್ತಿದ್ದವನು ಅಳಿಯ ರಾಮರಾಯ. ಬಾದಾಮಿಯ ಕೊಂಡೋಜ ಎಂಬ ಕ್ಷೌರಿಕ ರಾಮರಾಯನ ಕ್ಷೌರ ಮಾಡಿ ಅವನ ಮೆಚ್ಚುಗೆ ಗಳಿಸಿದ. ದೊರೆ ಮೆಚ್ಚಿದಾಗ ಕೇಳಿಕೊಳ್ಳಲು ಎಷ್ಟೋ ಇರುತ್ತದೆ. ಒಂದು ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಆದರೆ ಆ ಮೆಚ್ಚುಗೆಯಿಂದ ಬಂದ ಫಲ ಒಬ್ಬ ಕೊಂಡೋಜನ ಮನೆಗೆ ಮಾತ್ರ ಸೇರಲಿಲ್ಲ. ಸಾಮ್ರಾಜ್ಯದ ಕ್ಷೌರಿಕರಿಗೆಲ್ಲ ತೆರಿಗೆ ಮಾಫಿಯಾಯಿತು. ಬಿಟ್ಟಿ ಕೆಲಸ, ಕಾಣಿಕೆ, ಮಹಾನವಮಿಗೆ ಪಂಜು ಒದಗಿಸುವ ಹೊರೆ, ಇಂಥವೆಲ್ಲ ತಪ್ಪಿದವು.

ಆ ಅಪ್ಪಣೆ ಒಂದೇ ಕಲ್ಲಿನಲ್ಲಿ ನಿಲ್ಲಲಿಲ್ಲ. ಬಾದಾಮಿಯ ಆಚೆ ಇಂದಿನ ಕರ್ನಾಟಕದ ಹಲವು ಕಡೆ, ಇಂದಿನ ಆಂಧ್ರದ ಹಲವು ಕಡೆ, ಕ್ಷೌರಿಕರ ತೆರಿಗೆ ಮಾಫಿಯ ಶಾಸನಗಳು ಸಿಕ್ಕಿವೆ. ಅರಮನೆಯ ಅಪ್ಪಣೆ ಊರೂರಿಗೆ ಮುಟ್ಟಿ, ಊರಿನವರು ನೋಡುವಂತೆ ಕಲ್ಲು ನೆಡಿಸಿದ್ದಾರೆ. ಯಾಕೆ ನೆಡಿಸಿದರು? ಬಾಯಿಮಾತಿನ ಮಾಫಿಯನ್ನು ಊರ ಅಧಿಕಾರಿ ಮರುವರ್ಷವೇ ಮರೆತುಬಿಡಬಹುದು. ಕಲ್ಲು ಮರೆಯುವುದಿಲ್ಲ. ಅಕ್ಷರ ಬಾರದಿದ್ದರೂ, ನಮ್ಮ ಪಾಲಿನ ಕಲ್ಲು ಇಲ್ಲಿದೆ ಎಂದು ಬೆರಳು ತೋರಿಸುವುದಕ್ಕೆ ಮಕ್ಕಳು ಮೊಮ್ಮಕ್ಕಳಿಗೆ ಬರುತ್ತದೆ. 1565ರ ಯುದ್ಧದಲ್ಲಿ ರಾಮರಾಯ ಸತ್ತ, ಹಂಪೆ ಹಾಳಾಯಿತು. ಕೊಂಡೋಜನ ಹೆಸರಿನ ಕಲ್ಲುಗಳು ಮಾತ್ರ ಉಳಿದವು.

ಮರಾಠಿ ನಾಡಿನಲ್ಲೂ ಇಂಥ ಒಂದು ನೆನಪಿದೆ. 1660ರಲ್ಲಿ ಪನ್ಹಾಳ ಕೋಟೆಯ ಮುತ್ತಿಗೆಯಿಂದ ಶಿವಾಜಿ ತಪ್ಪಿಸಿಕೊಂಡು ಹೋಗುವಾಗ, ಅವರನ್ನೇ ಹೋಲುತ್ತಿದ್ದ ಶಿವಾ ಕಾಶಿದ್ ಎಂಬ ಕ್ಷೌರಿಕ ಶಿವಾಜಿಯ ವೇಷದಲ್ಲಿ ಪಲ್ಲಕ್ಕಿಯಲ್ಲಿ ಕೂತು, ಶತ್ರುಗಳ ಕೈಗೆ ಸಿಕ್ಕಿ ಪ್ರಾಣ ಕೊಟ್ಟನೆಂದು ಮರಾಠರು ಇಂದಿಗೂ ನೆನೆಯುತ್ತಾರೆ.

ಅರಮನೆಯ ಮಾತು ಹಾಗಿರಲಿ, ಊರಿನಲ್ಲಿ ಏನಿತ್ತು? ಕನ್ನಡ, ತೆಲುಗು ನಾಡುಗಳಲ್ಲಿ ಆಯಗಾರರ ಪದ್ಧತಿ, ಮರಾಠಿಯಲ್ಲಿ ಬಲುತೇದಾರರ ಪದ್ಧತಿ. ಬಡಗಿ, ಕಮ್ಮಾರ, ಕುಂಬಾರ, ಅಗಸ ಇವರ ಜೊತೆಗೆ ಕ್ಷೌರಿಕನೂ ಒಬ್ಬ ಆಯಗಾರ. ವರ್ಷವೆಲ್ಲ ಊರಿನ ತಲೆ ನೋಡಿಕೊಳ್ಳಬೇಕು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳು ಪಡೆಯಬೇಕು. ಮಳೆ ಚೆನ್ನಾಗಿ ಬಂದ ವರ್ಷ ಮೊರ ತುಂಬುತ್ತಿತ್ತು. ಬರ ಬಂದ ವರ್ಷ ರೈತನ ಕಣದ ಜೊತೆಗೆ ಆಯಗಾರನ ಮೊರವೂ ಖಾಲಿ.

ಶುಭಕಾರ್ಯಗಳು ಅವರಿಲ್ಲದೆ ನಡೆಯುತ್ತಿರಲಿಲ್ಲ. ಮಗುವಿನ ಜವಳ ತೆಗೆಯಲು ಅವರೇ ಬರಬೇಕು. ಜವಳದ ದಿನ ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ, ದಕ್ಷಿಣೆಯನ್ನು ಅವರ ಮುಂದಿಡಬೇಕು. ಮದುಮಗನ ಉಗುರು ತೆಗೆಯಬೇಕು. ಹಲವು ಕಡೆ ಮದುವೆಯ ವಾಲಗವೂ ಅವರದೇ. ನಾದಸ್ವರ, ಡೋಲುಗಳ ವಿದ್ಯೆಯನ್ನು ತೆಲುಗು, ಕನ್ನಡ ನಾಡುಗಳಲ್ಲಿ ಈ ಸಮಾಜದ ಎಷ್ಟೋ ಮನೆತನಗಳು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿವೆ. ಸತ್ತ ಮನೆಯಲ್ಲಿ ಮಕ್ಕಳ ತಲೆ ಬೋಳಿಸುವುದಕ್ಕೂ ಅವರೇ ಬೇಕು. ಹುಟ್ಟಿನಿಂದ ಸಾವಿನ ತನಕ ಜೊತೆಗಿರುವ ಇದೇ ಮನುಷ್ಯ ಬೆಳಗ್ಗೆ ಎದುರಿಗೆ ಬಂದರೆ ಅಪಶಕುನ ಎಂದು ಜನ ದಾರಿ ಬದಲಿಸುತ್ತಿದ್ದರು! ಕ್ಷೌರ ಮುಗಿದ ಮೇಲೆ ಸ್ನಾನ ಮಾಡದೆ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಮೈಯ ಮೇಲೆ ಬಿದ್ದ ಕೂದಲು ಹೋಗಲೆಂದು ಸ್ನಾನ ಮಾಡುವುದು ಒಳ್ಳೆಯದೇ. ಆದರೆ ಆ ಸ್ನಾನ ಕೂದಲಿಗಷ್ಟೇ ಅಲ್ಲ, ಕೈ ಮುಟ್ಟಿದ್ದಕ್ಕೂ ಆಗಿತ್ತು.

ಈ ಕೈಗೆ ಊರು ವಹಿಸಿದ ಇನ್ನೊಂದು ಕೆಲಸ ಎಲ್ಲಕ್ಕಿಂತ ಕ್ರೂರವಾದದ್ದು. ಹಿಂದೆ ತಲೆಗೂದಲು ಕೇವಲ ಅಂದದ ವಿಷಯವಾಗಿರಲಿಲ್ಲ. ಅದು ಮನುಷ್ಯನ ಮೇಲೆ ಬರೆದ ವಿಳಾಸವಾಗಿತ್ತು. ಹಿಂದೆ ಜುಟ್ಟು ಬಿಟ್ಟವರು ಯಾರು, ಮಲಯಾಳದವರಂತೆ ತಲೆಯ ಮುಂಭಾಗಕ್ಕೆ ಕುಡುಮೆ ಕಟ್ಟಿದವರು ಯಾರು, ಪೂರ್ತಿ ಬೋಳಿಸಿ ಟೊಪ್ಪಿಗೆ ಹಾಕಿದವರು ಯಾರು ಎಂಬುದನ್ನು ಸಂತೆಯಲ್ಲಿ ದೂರದಿಂದಲೇ ಓದಬಹುದಿತ್ತು. ಹೆಂಗಸಿನ ತಲೆಯ ಮೇಲೂ ಅಂಥ ವಿಳಾಸವಿತ್ತು. ಕೆಲವು ಮೇಲ್ಜಾತಿಗಳಲ್ಲಿ ಗಂಡ ಸತ್ತ ಹೆಣ್ಣಿನ ಕೂದಲು ತೆಗೆಸುತ್ತಿದ್ದರು. ಎಂಟು ಹತ್ತು ವರ್ಷದ ಹುಡುಗಿಯರಿಗೂ ಬಿಡುಗಡೆಯಿರಲಿಲ್ಲ. ದೊಡ್ಡವರಾದ ಮೇಲಾದರೂ ಅವರು ಆ ಕತ್ತಿಯ ಮುಂದೆ ಕೂರಲೇಬೇಕಾಗಿತ್ತು. ಕೂದಲು ಬೆಳೆದಂತೆಲ್ಲ ಮತ್ತೆ ಮತ್ತೆ. ಕತ್ತಿ ಹಿಡಿದು ಕೂತವನು ಕ್ಷೌರಿಕ. ಆಜ್ಞೆ ಅವನದಲ್ಲ, ಶಾಸ್ತ್ರ ಅವನದಲ್ಲ. ಎದುರಿಗೆ ಅಳುವ ಹೆಣ್ಣಿನ ಕಣ್ಣೀರು ಮಾತ್ರ ಅವನ ಕೈಯ ಮೇಲೆ ಬೀಳುತ್ತಿತ್ತು.

1890ರಲ್ಲಿ ಮುಂಬಯಿಯ ಕ್ಷೌರಿಕರು ಈ ಕೆಲಸ ಮಾಡುವುದಿಲ್ಲ ಎಂದರು. ಜ್ಯೋತಿಬಾ ಫುಲೆ 1873ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜದ ಮುಂದಾಳು, ಗಿರಣಿ ಕಾರ್ಮಿಕರನ್ನು ಸಂಘಟಿಸಿದ ನಾರಾಯಣ ಮೇಘಾಜಿ ಲೋಖಂಡೆ ಅವರನ್ನು ಒಂದುಗೂಡಿಸಿದರು. ನೂರಾರು ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದು ಪಾಪದ ಕೆಲಸ, ಇನ್ನು ಮುಂದೆ ಅದಕ್ಕೆ ಕತ್ತಿ ಎತ್ತುವುದಿಲ್ಲ ಎಂದು ತೀರ್ಮಾನಿಸಿದರು. ಆಗ ಸೊಲ್ಲಾಪುರ, ವಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತ್ಯದಲ್ಲಿಯೇ ಇದ್ದವು ಎಂಬುದನ್ನು ನಮ್ಮ ಕೇಳುಗರು ನೆನಪಿಡಬೇಕು. ಅದು ನಮ್ಮ ಪ್ರಾಂತ್ಯದ ರಾಜಧಾನಿಯಲ್ಲಿ ನಡೆದ ಘಟನೆ.

ಸ್ವಲ್ಪ ಯೋಚಿಸಿ. ಕೆಲಸ ನಿಲ್ಲಿಸಿದರೆ ನಷ್ಟ ಯಾರಿಗೆ? ದಿನದ ದುಡಿಮೆಯಿಂದ ಒಲೆ ಹೊತ್ತಿಸುವ ಆ ಮನೆಗಳಿಗೇ. ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡುವವರಿದ್ದಾರೆ, ಅದು ನ್ಯಾಯವೇ. ಇವರು ಹೂಡಿದ ಮುಷ್ಕರ ತಮ್ಮ ಕೂಲಿಗಾಗಿ ಅಲ್ಲ, ಬೇರೆ ಜಾತಿಯ ಹೆಣ್ಣುಮಕ್ಕಳ ತಲೆಗೂದಲಿಗಾಗಿ. ಆ ಮನೆಗಳ ಗಂಡಸರು ಇವರನ್ನು ಅಪಶಕುನ ಎಂದಿದ್ದವರು. ಆ ದುಷ್ಟ ಪದ್ಧತಿ ಒಂದೇ ದಿನಕ್ಕೆ ನಿಲ್ಲಲಿಲ್ಲ, ನಿಜ. ಮುಂದೆ ಅರ್ಧ ಶತಮಾನ ದಾಟಿದರೂ ಕೆಂಪು ಸೀರೆಯ ಮಡಿ ಅಜ್ಜಿಯರು ನಮ್ಮ ಮನೆಗಳಲ್ಲಿ ಇದ್ದರು. ಎಂ. ಕೆ. ಇಂದಿರಾ ಅವರ 1976ರ ಕಾದಂಬರಿ ಫಣಿಯಮ್ಮದಲ್ಲಿ ತಲೆ ಕೊಡಲು ಒಪ್ಪದ ಹುಡುಗಿಯೊಬ್ಬಳು ಬರುತ್ತಾಳೆ. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ಆ ಹುಡುಗಿಗಿಂತ ಮೊದಲೇ, ಕತ್ತಿಯ ಇನ್ನೊಂದು ತುದಿಯಲ್ಲಿದ್ದವರು ಒಲ್ಲೆ ಎಂದಿದ್ದರು. ಚರಿತ್ರೆಯ ಪುಸ್ತಕಗಳು ಸುಧಾರಕರ ಹೆಸರು ಹೇಳುವಾಗ ಇವರನ್ನೂ ಹೇಳಬೇಕು.

ಇಪ್ಪತ್ತನೇ ಶತಮಾನದಲ್ಲಿ ಕ್ರಾಪು ಬಂತು. ಜುಟ್ಟು ತೆಗೆಸಿ ಕ್ರಾಪು ಬಿಟ್ಟ ಮಗನನ್ನು ಅಪ್ಪ ಮನೆಗೆ ಸೇರಿಸದ ಕಥೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಕೇರಳದಲ್ಲಿ 1930ರ ದಶಕದ ನಂಬೂದಿರಿ ಸುಧಾರಕ ಯುವಕರಿಗೆ ಕುಡುಮೆ ಕತ್ತರಿಸುವುದು ಒಂದು ಚಳವಳಿಯೇ ಆಗಿತ್ತು. ಅಮೆರಿಕದ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಸೇಫ್ಟಿ ರೇಜರ್ ನಿಧಾನವಾಗಿ ನಮ್ಮ ಪೇಟೆಗಳಿಗೂ ಬಂದು, ಗಡ್ಡ ಕೆರೆಯುವ ಕೆಲಸ ಮನೆಯ ಕನ್ನಡಿಯ ಮುಂದಕ್ಕೆ ಹೋಯಿತು. ಹೊಂಗೆ ಮರದ ನೆರಳು ಹೋಗಿ ಸೆಲೂನು ಬಂತು. ತಿರುಗುವ ಕುರ್ಚಿ, ಎದುರು ಬದುರು ಕನ್ನಡಿ, ಗೋಡೆಗೆ ಸಿನಿಮಾ ನಟರ ಚಿತ್ರ, ಮೂಲೆಯಲ್ಲಿ ರೇಡಿಯೋ. ಕಾಳಿನ ಲೆಕ್ಕ ಹೋಗಿ ಕಾಸಿನ ಲೆಕ್ಕ ಬಂತು. ಆಯಗಾರನಿಗೆ ಇದು ದೊಡ್ಡ ಬಿಡುಗಡೆ. ಅವನು ಮನೆಮನೆಗೆ ಹೋಗುವುದು ನಿಂತು, ಊರೇ ಅವನ ಅಂಗಡಿಗೆ ಬರುವಂತಾಯಿತು.

ಆದರೆ ಆ ಕುರ್ಚಿಯ ಮೇಲೆ ಯಾರು ಕೂರಬಹುದು? ಇದು ಕಷ್ಟದ ಪ್ರಶ್ನೆ, ಆದರೂ ಕೇಳಲೇಬೇಕು. ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಆ ಕುರ್ಚಿ ಸಿಗಲಿಲ್ಲ. ಕ್ಷೌರಕ್ಕಾಗಿ ಅವರು ಹತ್ತಾರು ಮೈಲಿ ದೂರದ ಪೇಟೆಗೆ ಹೋಗಬೇಕಿತ್ತು. ಇಲ್ಲವೇ ತಮ್ಮಲ್ಲೇ ಒಬ್ಬರು ಕತ್ತರಿ ಹಿಡಿಯಬೇಕಿತ್ತು. ಅಂಗಡಿಯವನನ್ನು ಕೇಳಿದರೆ, ಊರಿನವರು ಅಂಗಡಿ ಮುಚ್ಚಿಸುತ್ತಾರೆ ಸ್ವಾಮಿ ಎನ್ನುತ್ತಿದ್ದ. ಅವನ ಭಯ ಸುಳ್ಳಾಗಿರಲಿಲ್ಲ. ಆದರೂ ತಾನು ಅವಮಾನ ಉಂಡವನು ಇನ್ನೊಬ್ಬನಿಗೆ ಅದನ್ನೇ ಬಡಿಸಿದಂತಾಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಕಾನೂನು ಇಂಥ ನಿರಾಕರಣೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು. 1989ರ ದೌರ್ಜನ್ಯ ತಡೆ ಕಾನೂನು ಇನ್ನಷ್ಟು ಬಲ ಕೊಟ್ಟಿತು. ಇಷ್ಟಾದರೂ ಈ ಶತಮಾನದಲ್ಲಿಯೂ ಇಂಥ ದೂರುಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಎಲ್ಲರಿಗೂ ಕುರ್ಚಿ ಕೊಡುವ ಕ್ಷೌರಿಕನ ಬೆನ್ನಿಗೆ ಊರಿನ ಹಿರಿಯರು ನಿಂತ ಕಡೆ ಈ ಸಮಸ್ಯೆ ಬೇಗ ಕರಗುತ್ತದೆ. ಅವನನ್ನು ಒಂಟಿ ಮಾಡಿದ ಕಡೆ ಉಳಿಯುತ್ತದೆ.

ಹಡಪದೊಳಗೆ ಚರಿತ್ರೆಯ ಜೊತೆಗೆ ವಿದ್ಯೆಯೂ ಇದೆ ಎಂದೆವು. ಮದ್ದು ಬಲ್ಲ ಕೈ ಎಂಬ ಹಳೆಯ ಹೆಸರಿಗೆ ತಕ್ಕಂತೆ, ಅನುಭವಸ್ಥ ಕ್ಷೌರಿಕರು ಗಿರಾಕಿಗಳಿಗೆ ಹೇಳುವ ಕೆಲವು ಮಾತುಗಳನ್ನು ಇಂದಿನ ತಿಳುವಳಿಕೆಯ ಜೊತೆ ತೂಗಿ ನೋಡೋಣ.

ಮೊದಲನೆಯದು ಎಣ್ಣೆ. ಕಾಸರಗೋಡಿನವರು ಕೊಬ್ಬರಿ ಎಣ್ಣೆ ಎನ್ನುತ್ತಾರೆ, ಬಯಲುಸೀಮೆಯವರು ಎಳ್ಳೆಣ್ಣೆ, ಹರಳೆಣ್ಣೆ ಎನ್ನುತ್ತಾರೆ. ಮುಂಬಯಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿದರು. ಕೂದಲಿನ ಎಳೆಯೊಳಗೆ ಇಳಿದು ಅದರ ಸಸಾರಜನಕ ಸೋರಿಹೋಗದಂತೆ ತಡೆಯುವ ಗುಣ ಕೊಬ್ಬರಿ ಎಣ್ಣೆಯಲ್ಲಿ ಕಂಡುಬಂತು. ತೊಳೆಯುವ ಮೊದಲು ಹಚ್ಚಿದರೂ ಪ್ರಯೋಜನವಿದೆ. ಆದರೆ ಎಣ್ಣೆ ಬೋಳುತಲೆಯಲ್ಲಿ ಹೊಸ ಕೂದಲು ಬೆಳೆಸುತ್ತದೆ ಎಂದು ಯಾರಾದರೂ ಸೀಸೆ ಮಾರಲು ಬಂದರೆ, ದುಡ್ಡನ್ನು ಗಂಟಿನಲ್ಲೇ ಇಟ್ಟುಕೊಳ್ಳಿ.

ಎರಡನೆಯದು ತೊಳೆಯುವುದು. ತಾಳವಾಡಿ, ನೀಲಗಿರಿ, ವಯನಾಡಿನ ಕಾಡಂಚಿನವರಿಗೆ ಸೀಗೆಕಾಯಿ, ಅಂಟುವಾಳಗಳ ಪರಿಚಯ ಹೇಳಬೇಕಾಗಿಲ್ಲ. ಸೋಲಿಗರಂಥ ಕಾಡಿನ ಜನ ಅವನ್ನು ಆಯ್ದು ತಂದು ಮಾರಿ ಬದುಕಿದವರು. ಎರಡರಲ್ಲೂ ನೀರಿಗೆ ನೊರೆ ಬರಿಸುವ ಸಹಜ ವಸ್ತುವಿದೆ. ಶಾಂಪೂ ಎಂಬ ಮಾತೂ ನಮ್ಮ ದೇಶದ್ದೇ. ಹಿಂದಿಯ ಚಾಂಪೋ, ಅಂದರೆ ಒತ್ತು, ತಿಕ್ಕು ಎಂಬ ಮಾತಿನಿಂದ ಅದು ಹುಟ್ಟಿತು. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್ ಇಂಗ್ಲೆಂಡಿನ ಬ್ರೈಟನ್‌ನಲ್ಲಿ 1814ರ ಹೊತ್ತಿಗೆ ಸ್ನಾನಗೃಹ ತೆರೆದು ಈ ಮಾಲೀಸನ್ನು ಅಲ್ಲಿನವರಿಗೆ ಕಲಿಸಿದ. ನಮ್ಮ ಕ್ಷೌರಿಕರು ಕೊನೆಯಲ್ಲಿ ತಲೆಗೆ ಮಾಡುವ ಮಾಲೀಸೇ ಅಲ್ಲಿ ಶಾಂಪೂ ಆಯಿತು. ಮುಂದೆ ಸೀಸೆಯಲ್ಲಿ ಮರಳಿ ಬಂದ ಶಾಂಪೂವನ್ನು ಬಡವರ ಮನೆಗೆ ತಂದದ್ದು ತಮಿಳುನಾಡಿನ ಕಡಲೂರು. ಅಲ್ಲಿ 1983ರಲ್ಲಿ ಶುರುವಾದ ಚಿಕ್ ಶಾಂಪೂವಿನ ಪುಟ್ಟ ಪೊಟ್ಟಣ ಗೂಡಂಗಡಿಗಳಲ್ಲೆಲ್ಲ ತೋರಣದಂತೆ ತೂಗಿತು. ಯಾವುದನ್ನೇ ಬಳಸಿ, ಬುರುಡೆಗೆ ತಿಕ್ಕಿ, ಚೆನ್ನಾಗಿ ನೀರಿನಲ್ಲಿ ಕಳೆಯಿರಿ. ಒದ್ದೆ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆಯಬೇಡಿ. ಸಿಕ್ಕು ಬಿಡಿಸುವಾಗ ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ.

ಮೂರನೆಯದು ಒಂದು ತಪ್ಪು ನಂಬಿಕೆ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂದು ಮಕ್ಕಳ ತಲೆಯನ್ನು ಪದೇಪದೇ ಬೋಳಿಸುವವರಿದ್ದಾರೆ. 1928ರಲ್ಲಿಯೇ ಅಮೆರಿಕದ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಇದನ್ನು ಅಳೆದು ನೋಡಿ, ಹಾಗಾಗುವುದಿಲ್ಲ ಎಂದು ತೋರಿಸಿದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟಾಗಿ ತೋರುತ್ತದೆ, ಅಷ್ಟೇ. ಬೇರು ಚರ್ಮದೊಳಗಿದೆ, ಕತ್ತಿ ಅಲ್ಲಿಗೆ ಮುಟ್ಟುವುದಿಲ್ಲ. ಜವಳ ತೆಗೆಸಿ, ಅದು ನಮ್ಮ ಸಂಪ್ರದಾಯ. ಕೂದಲು ದಟ್ಟವಾಗಲೆಂದು ಬೇಡ. ಹಾಗೆಯೇ ದಿನಕ್ಕೆ ಐವತ್ತು ನೂರು ಕೂದಲು ಉದುರುವುದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಎಳೆ ಕಂಡರೆ ಹೆದರಬೇಕಾಗಿಲ್ಲ. ಮುಷ್ಟಿಮುಷ್ಟಿಯಾಗಿ ಉದುರಿದರೆ, ದುಂಡಗೆ ಬೊಕ್ಕೆ ಬಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ನಾಲ್ಕನೆಯದು ಬಹಳ ಮುಖ್ಯ. ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಯಕೃತ್ತಿನ ಕಾಮಾಲೆ ತರುವ ಹೆಪಟೈಟಿಸ್ ಬಿ ಮತ್ತು ಸಿ ರೋಗಾಣುಗಳು ಹರಡಬಹುದು. ರಕ್ತದ ಹನಿ ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಅದಕ್ಕೆ ನಿಮ್ಮೆದುರೇ ಹೊಸ ಬ್ಲೇಡು ಹಾಕಲಿ ಎಂದು ಕೇಳಿ. ಹಾಗೆ ಕೇಳುವುದು ಅವಮಾನವಲ್ಲ. ಒಳ್ಳೆಯ ಕ್ಷೌರಿಕರು ಕೇಳುವ ಮೊದಲೇ ಹಾಕುತ್ತಾರೆ. ಎಲ್ಲರ ಕೆನ್ನೆಗೂ ತಿಕ್ಕಿದ ಪಟಿಕದ ಕಲ್ಲು ಬೇಡ. ಕೊನೆಯಲ್ಲಿ ಕತ್ತನ್ನು ತಿರುಚಿ ಲಟಿಕೆ ತೆಗೆಯುವುದೂ ಬೇಡ. ಅದರಿಂದ ಕತ್ತಿನ ನರಕ್ಕೂ ರಕ್ತನಾಳಕ್ಕೂ ಪೆಟ್ಟಾದವರಿದ್ದಾರೆ. ಕೂದಲಿಗೆ ಕಪ್ಪು ಬಣ್ಣ ಹಚ್ಚುವವರು ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ನೋಡಿ. ಉರಿ, ತುರಿಕೆ, ಬಾವು ಬಂದರೆ ಆ ಬಣ್ಣದ ಸಹವಾಸವೇ ಬೇಡ.

ಕೇಳುಗರೇ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಕ್ಕಲಕೋಟೆ, ಜತ್ತ ಕರ್ನಾಟಕದ ಹೊರಗೇ ಉಳಿದವು. ನಾವು ಎರಡು ಭಾಷೆಯ ಜನರಾದೆವು, ಮನೆಯಲ್ಲೊಂದು, ಕಚೇರಿಯಲ್ಲೊಂದು. ನಮ್ಮ ಮಾತಿಗೆ ಗೌರವ ಬೇಕು, ನಮ್ಮ ಮಕ್ಕಳಿಗೆ ಕನ್ನಡ ಶಾಲೆ ಬೇಕು ಎಂದು ನಾವು ಕೇಳುತ್ತಲೇ ಇದ್ದೇವೆ. ಸಂಖ್ಯೆಯಲ್ಲಿ ಕಡಿಮೆಯಿರುವವರನ್ನು ಕಡೆಗಣಿಸಿದರೆ ಹೇಗೆ ನೋಯುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಅದು ಗೊತ್ತಿರುವ ನಮ್ಮ ಊರುಗಳಲ್ಲಿ ನಾಲ್ಕೈದೇ ಮನೆಗಳಿರುವ ಒಂದು ಸಮಾಜದ ಹೆಸರು ಬೈಗುಳವಾಗಿ ಉಳಿಯಬಾರದು.

ನಿಮ್ಮೂರಿನ ದೇವಸ್ಥಾನದ ಹಿಂದೆಯೋ ಕೆರೆಯ ಏರಿಯ ಮೇಲೆಯೋ ಅಕ್ಷರ ಸವೆದ ಕಲ್ಲೊಂದು ಬಿದ್ದಿದ್ದರೆ ಅದರ ಮೇಲೆ ಬಟ್ಟೆ ಒಗೆಯಬೇಡಿ. ಬಲ್ಲವರನ್ನು ಕರೆದು ಓದಿಸಿ. ಯಾರಿಗೆ ಗೊತ್ತು, ಅದರಲ್ಲೂ ಕೊಂಡೋಜನ ಹೆಸರಿರಬಹುದು. ಮತ್ತೆ ಈ ಭಾನುವಾರ ಕ್ಷೌರಕ್ಕೆ ಹೋದಾಗ, ಕುರ್ಚಿಯಲ್ಲಿ ಕೂರುವ ಮೊದಲು ಕತ್ತರಿ ಹಿಡಿದವರನ್ನು ಅವರ ಹೆಸರು ಹಿಡಿದು, ಅಣ್ಣಾ ಎಂದು 'ರೀ' ಹಚ್ಚಿ ಮಾತಾಡಿಸಿ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಯಾರೇ ಬಂದು ಕೂತರೂ ಸ್ವಲ್ಪ ಸರಿದು ಜಾಗ ಕೊಡಿ.